ಆಪತ್ಕಾಲದ ಕೂಗು ಯಾವ ಭಾಷೆಯಲ್ಲಿರಬೇಕು?

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವುದಕ್ಕೆ ಮುನ್ನ ನಮ್ಮ ಜಿಲ್ಲೆಯ ಶಾಲಾ ಕಚೇರಿಗಳಲ್ಲಿ ಕಾಗದಪತ್ರಗಳ ಸುಗ್ಗಿ. ಕಟ್ಟಡದ ಅರ್ಹತಾ ಪತ್ರಕ್ಕೆಂದು ಪಂಚಾಯತು ಇಂಜಿನಿಯರರ ಹಿಂದೆ ಓಡಾಟ, ಬಾವಿ ನೀರಿನ ಪರೀಕ್ಷೆ, ಹೆಂಚು ಬದಲಾವಣೆ, ಹಿತ್ತಿಲಲ್ಲಿ ಬೆಳೆದ ಕುರುಚಲು ಕಾಡಿನ ಸವರಾಟ. ಈ ಸಾಲಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಕಡತವೂ ಸೇರಿಕೊಂಡಿದೆ. ಶಾಲೆಯಲ್ಲಿ ಬೆಂಕಿ, ಸಿಡಿಲು, ಹಾವು, ವಿದ್ಯುತ್ತು, ನೆರೆ ಮೊದಲಾದ ಆಪತ್ತುಗಳು ಬಂದೊದಗಿದಲ್ಲಿ ಯಾರು ಏನು ಮಾಡತಕ್ಕದ್ದು ಎಂಬುದರ ಯೋಜನೆಯ ಕಡತವದು. ಇಂತಹ ಕಡತವೊಂದನ್ನು ಬಿಡಿಸಿ ನೋಡುವ ಸಂದರ್ಭ ನಮಗೆ ಒದಗಿತು. ಅಂದವಾದ ಮಲಯಾಳದಲ್ಲಿ ಬೆರಳಚ್ಚಾಗಿತ್ತು. ನಾಲ್ಕನೆಯ ಪುಟದಲ್ಲಿ ಮಾತ್ರ ಇನ್ನಾವುದೋ ಶಾಲೆಯ ಹೆಸರು ಹಾಗೆಯೇ ಉಳಿದುಕೊಂಡಿತ್ತು. ನಕಲು ಮಾಡಿದವರು ಅದೊಂದನ್ನು ತಿದ್ದಲು ಮರೆತಿದ್ದರು. ಆ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕನ್ನಡ ಮಾಧ್ಯಮದವರು. ಕಡತದಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ಆಪತ್ಕಾಲದ ಯೋಜನೆ ಎಂದರೆ ದೊಡ್ಡ ಕಾರ್ಖಾನೆಗಳಿಗೆ ಸಂಬಂಧಪಟ್ಟ ವಿಚಾರ, ಶಾಲೆಗೇಕೆ ಎಂದು ಕೇಳುವ ಅಧ್ಯಾಪಕ ಮಿತ್ರರು ನಮ್ಮಲ್ಲಿದ್ದಾರೆ. ಶಾಲೆಯು ನಮಗೆ ಕೆಲಸದ ಸ್ಥಳವಲ್ಲವೇ? ಅಧ್ಯಾಪಕರು, ಗುಮಾಸ್ತರು, ಪ್ಯೂನ್, ಅಡುಗೆಯಾಕೆ ಸೇರಿ ಮೂವತ್ತು ನಲ್ವತ್ತು ಮಂದಿ ದುಡಿಯುವ ಜಾಗವದು. ಯಾವ ಕಾರ್ಖಾನೆಯಲ್ಲಿಯೂ ಇಲ್ಲದಂತೆ ಅಲ್ಲಿ ಹತ್ತು ವರ್ಷದೊಳಗಿನವರೂ ಇರುತ್ತಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಅವರ ಜೀವದ ಹೊಣೆ ಹೆತ್ತವರದಲ್ಲ, ನಮ್ಮದು.

ಈ ಹೊಣೆ ಎಂತಹುದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. 2023ರ ಜುಲೈ 3ರಂದು ನಮ್ಮ ಅಂಗಡಿಮೊಗರಿನಲ್ಲಿ ಸಂಜೆ ಶಾಲೆ ಬಿಟ್ಟು ಮಕ್ಕಳು ಹೊರಟ ಹೊತ್ತಿಗೆ ಮರವೊಂದು ಬುಡಮೇಲಾಗಿ ಬಿದ್ದು ಆರನೆಯ ತರಗತಿಯ ಬಾಲಕಿ ತೀರಿಕೊಂಡಳು. 2019ರ ನವೆಂಬರ್ 20ರಂದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯ ನೆಲದ ಬಿಲದಲ್ಲಿದ್ದ ಹಾವು ಐದನೆಯ ತರಗತಿಯ ಹುಡುಗಿಯನ್ನು ಕಚ್ಚಿತು. ಆಸ್ಪತ್ರೆಗೆ ಒಯ್ಯುವಲ್ಲಿ ವಿಳಂಬವಾಯಿತೆಂದು ಊರಿಗೆ ಸಾರಿದವರು ಅವಳ ಸಹಪಾಠಿಗಳೇ. 2025ರ ಜುಲೈ 17ರಂದು ಕೊಲ್ಲಂ ಜಿಲ್ಲೆಯ ತೇವಲಕ್ಕರದಲ್ಲಿ ಸೈಕಲ್ ಶೆಡ್ಡಿನ ಮಾಡಿಗೆ ಬಿದ್ದ ಚಪ್ಪಲಿಯನ್ನು ತೆಗೆಯಲು ಹತ್ತಿದ ಎಂಟನೆಯ ತರಗತಿಯ ಹುಡುಗನಿಗೆ ಕೆಳಮಟ್ಟದಲ್ಲಿ ಹಾದುಹೋಗಿದ್ದ ವಿದ್ಯುತ್ ತಂತಿ ತಾಗಿತು. ಇವುಗಳೆಲ್ಲಕ್ಕಿಂತ ಹಿಂದಿನದು ಕುಂಭಕೋಣ. 2004ರ ಜುಲೈ 16ರಂದು ಮಧ್ಯಾಹ್ನದೂಟದ ಅಡುಗೆ ಕೋಣೆಯ ಬೆಂಕಿ ಮಾಡಿನ ಹುಲ್ಲಿಗೆ ಹಿಡಿದು 94 ಎಳೆಯ ಮಕ್ಕಳು ಸುಟ್ಟು ಹೋದರು. ಅದರ ಬೆನ್ನಿಗೇ ಸುಪ್ರೀಂ ಕೋರ್ಟಿಗೆ ಹೋದ ಮೊಕದ್ದಮೆಯಲ್ಲಿ 2009ರಲ್ಲಿ ತೀರ್ಪು ಬಂತು. ಶಿಕ್ಷಣದ ಹಕ್ಕೆಂದರೆ ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದೆಂದು ನ್ಯಾಯಾಲಯ ಹೇಳಿ, ಶಾಲೆಗಳಲ್ಲಿ ಬೆಂಕಿ ನಂದಿಸುವ ಸಾಧನಗಳಿರಬೇಕು, ಸಿಬ್ಬಂದಿಗೆ ಅವುಗಳ ತರಬೇತಿ ಇರಬೇಕು ಎಂದು ವಿಧಿಸಿತು. ಕೆಂಪು ಸಿಲಿಂಡರುಗಳು ನಮ್ಮ ಶಾಲೆಗಳ ಗೋಡೆಗೆ ಬಂದುವು. ತರಬೇತಿ ಎಷ್ಟು ಮಂದಿಗೆ ಆಗಿದೆ ಎಂಬುದನ್ನು ಓದುಗರು ತಮ್ಮ ಮಕ್ಕಳ ಶಾಲೆಯಲ್ಲಿ ಒಮ್ಮೆ ವಿಚಾರಿಸಿ ನೋಡಬೇಕು.

ಇಷ್ಟು ಸಂಗತಿ ಎಲ್ಲ ಶಾಲೆಗಳಿಗೂ ಸಮಾನ. ಗಡಿನಾಡಿನ ಕನ್ನಡಿಗರಾದ ನಮಗೆ ಇದರ ಮೇಲೆ ಇನ್ನೊಂದು ಇದೆ. ಅದನ್ನು ಹೇಳುವುದಕ್ಕೆಂದೇ ಈ ಲೇಖನ.

ಕನ್ನಡ ಹಾಗೂ ಮಲಯಾಳ ಎರಡೂ ಮಾಧ್ಯಮಗಳಿರುವ ಒಂದು ಶಾಲೆಯಲ್ಲಿ ಬೆಂಕಿಯ ಅಣಕು ಅಭ್ಯಾಸ ನಡೆಯಿತು. ಗಂಟೆ ಬಾರಿಸಿ, ಮೈಕಿನಲ್ಲಿ ಮಲಯಾಳದಲ್ಲಿ ಸೂಚನೆ ಕೊಟ್ಟರು. "ಓಡರುತ್, ಓಡರುತ್" ಎಂದು ಎರಡೆರಡು ಬಾರಿ ಹೇಳಿದರು. ಮಲಯಾಳದಲ್ಲಿ ಹಾಗೆಂದರೆ ಓಡಬಾರದು ಎಂದರ್ಥ. ಕನ್ನಡ ವಿಭಾಗದ ಐದನೆಯ ತರಗತಿಯ ಮಕ್ಕಳ ಕಿವಿಗೆ ಅದರಲ್ಲಿ ಬಿದ್ದುದು "ಓಡು" ಎಂಬ ಎರಡಕ್ಷರ. ಅವರು ಓಡಿದರು. ಮೆಟ್ಟಿಲಲ್ಲಿ ಇಬ್ಬರು ಬಿದ್ದು ಮೊಣಕಾಲು ತರಚಿಕೊಂಡರು. ಅಭ್ಯಾಸವಾದುದರಿಂದ ಅಷ್ಟಕ್ಕೇ ಮುಗಿಯಿತು, ಎಲ್ಲರೂ ನಕ್ಕರು. "ಕನ್ನಡದ ಮಕ್ಕಳಿಗೆ ಶಿಸ್ತು ಸಾಲದು" ಎಂಬ ಮಾತೂ ಕೇಳಿಬಂತು. ಶಿಸ್ತಿನ ಮಾತೇ ಅಲ್ಲ ಅದು. ಆ ಮಕ್ಕಳು ತಮಗೆ ಕೇಳಿಸಿದ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದರು.

ಹತ್ತಿರದ ಭಾಷೆಗಳಲ್ಲಿ ಇಂತಹ ಅಪಾಯ ಹೆಚ್ಚು. ಏನೇನೂ ತಿಳಿಯದ ಭಾಷೆಯಾದರೆ ಮಗು ಸುಮ್ಮನೆ ನಿಂತು ದೊಡ್ಡವರ ಮುಖ ನೋಡುತ್ತದೆ. ಅರೆತಿಳಿದ ಭಾಷೆಯಾದರೆ ತಿಳಿದೆನೆಂದುಕೊಂಡು ತಪ್ಪು ಮಾಡುತ್ತದೆ. ಮಲಯಾಳದಲ್ಲಿ "ತೊಡರುತ್" ಎಂದರೆ ಮುಟ್ಟಬಾರದು. ನಮ್ಮ ಮಕ್ಕಳಿಗೆ ಅದು ತೊಡುವುದೋ ತೊಡರುವುದೋ ಆಗಿ ಕೇಳಿಸುತ್ತದೆ. ತುಂಡಾಗಿ ಬಿದ್ದ ಕರೆಂಟು ತಂತಿಯ ಹತ್ತಿರ ನಿಂತು ಯಾರೋ ಹಾಗೆ ಕೂಗಿದರೆ? ಬೆಂಕಿಗೆ ಮಲಯಾಳದವರು ತೀ ಎನ್ನುತ್ತಾರೆ, ತುಳುವರು ತೂ ಎನ್ನುತ್ತಾರೆ, ಕನ್ನಡದಲ್ಲಿ ಬೆಂಕಿ. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ನಾಡಿನಲ್ಲಿ ಬೆಂಕಿ ಬಿದ್ದಾಗ ಒಂದೇ ಭಾಷೆ ಸಾಕೆಂದು ತೀರ್ಮಾನಿಸಿದವರು ಯಾರು?

"ನಿಮ್ಮ ಮಕ್ಕಳಿಗೆಲ್ಲ ಮಲಯಾಳ ಬರುತ್ತದೆ, ಪೇಟೆಯಲ್ಲಿ ಚೆನ್ನಾಗಿ ಮಾತನಾಡುತ್ತಾರೆ" ಎನ್ನುವವರಿದ್ದಾರೆ. ಹೈಸ್ಕೂಲಿನ ಹುಡುಗರ ಮಟ್ಟಿಗೆ ಇದು ಬಹುಪಾಲು ನಿಜ. ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಮುಂತಾದ ಒಳನಾಡಿನಿಂದ ಬರುವ ಎಳೆಯ ಮಕ್ಕಳ ಸಂಗತಿ ಬೇರೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ ಕೊಂಕಣಿಯೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತ ಮಗುವಿಗೆ ಮಲಯಾಳವು ಮೂರನೆಯ ಭಾಷೆ. ಹೆದರಿಕೆಯ ಗಳಿಗೆಯಲ್ಲಿ ದೊಡ್ಡವರಿಗೂ ಬಾಯಿಗೆ ಬರುವುದು ಹುಟ್ಟುಮಾತು, ಕಿವಿಗೆ ಹತ್ತುವುದೂ ಅದೇ. ಕನ್ನಡ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗಲೆಲ್ಲ ಪಾಠ ಹಾಳಾಗುವುದೆಂದು ನಾವು ಮುಷ್ಕರ ಹೂಡಿದ್ದೇವೆ, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೇವೆ. ಆ ಅಧ್ಯಾಪಕರ ತರಗತಿಯಲ್ಲಿ ಹಾವು ಕಾಣಿಸಿಕೊಂಡರೆ ಏನು ಗತಿ ಎಂಬುದನ್ನು ಯಾರೂ ಎತ್ತಿದಂತಿಲ್ಲ. ಗಣಿತ ಅರ್ಥವಾಗದಿದ್ದರೆ ಮರುವರ್ಷಕ್ಕೆ ಕಲಿಸಿಕೊಳ್ಳಬಹುದು.

ಕಾನೂನಿನ ಮಾತಿಗೆ ಬರೋಣ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ, ಮುಖಕ್ಕೆ ಒದ್ದೆ ಬಟ್ಟೆ ಹಿಡಿದುಕೊಳ್ಳಿ ಎಂಬ ಸಣ್ಣ ಮಾತನ್ನು ಸುತ್ತಣ ಬಡಜನರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಅನಿಲದೊಳಗೇ ಓಡಿ, ಏದುಸಿರು ಬಿಟ್ಟು, ಸಾವಿರಾರು ಮಂದಿ ಸತ್ತರು. ತರುವಾಯ 1987ರಲ್ಲಿ 1948ರ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕಾರ್ಖಾನೆಯ ಮಾಲಿಕನು ಆಪತ್ಕಾಲದ ಯೋಜನೆಯನ್ನು ಸಿದ್ಧಪಡಿಸಬೇಕು, ಅಪಘಾತವಾದಲ್ಲಿ ಕೈಗೊಳ್ಳಬೇಕಾದ ಎಚ್ಚರಿಕೆಗಳನ್ನು ಕೆಲಸಗಾರರಿಗೂ ನೆರೆಯ ಸಾರ್ವಜನಿಕರಿಗೂ ತಿಳಿಯಪಡಿಸಬೇಕು ಎಂದು ವಿಧಿಸಿದರು. ತಿಳಿಯಪಡಿಸಬೇಕು ಎಂಬ ಶಬ್ದವನ್ನು ಗಮನಿಸಬೇಕು. ಬರೆದಿಟ್ಟರಷ್ಟೇ ಸಾಲದು ಎಂದು ಭೋಪಾಲ ಕಲಿಸಿತು.

ಅದೇ ಕಾಯ್ದೆಯ 108ನೆಯ ಕಲಮಿನಲ್ಲಿ ಇನ್ನೊಂದು ಮಾತಿತ್ತು. ಕಾರ್ಖಾನೆಯ ನೋಟೀಸುಗಳು ಇಂಗ್ಲಿಷಿನಲ್ಲಿಯೂ, ಅಲ್ಲಿನ ಬಹುಸಂಖ್ಯಾತ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕು. ನೋಡುವುದಕ್ಕೆ ನ್ಯಾಯವಾಗಿಯೇ ಇದೆ. ನೂರರಲ್ಲಿ ಅರುವತ್ತು ಮಂದಿಗೆ ತಿಳಿಯುವ ಭಾಷೆಯಲ್ಲಿ ಬರೆದು ಗೋಡೆಗೆ ಹಚ್ಚಿದರೆ ಕಾನೂನು ತೃಪ್ತಿಗೊಂಡಿತು. ಉಳಿದ ನಲ್ವತ್ತು ಮಂದಿ? ಅವರು ಬೆಂಕಿಯಲ್ಲಿ ಅಲ್ಪಸಂಖ್ಯಾತರು! ಇಂದು ಆ ಕಾಯ್ದೆಯ ಜಾಗದಲ್ಲಿ 2020ರ ಹೊಸ ಸಂಹಿತೆ ಬಂದಿದೆ. ಬಹುಸಂಖ್ಯಾತರ ಲೆಕ್ಕದಲ್ಲಿ ಯೋಚಿಸುವ ಅಭ್ಯಾಸ ಮಾತ್ರ ಕಚೇರಿಗಳಿಂದ ಹೋಗಿಲ್ಲ. ಓಟಿನ ಲೆಕ್ಕಕ್ಕೆ ಅದು ಸಲ್ಲುತ್ತದೆ, ಹೊಗೆ ತುಂಬಿದ ಕೋಣೆಗೆ ಸಲ್ಲುವುದಿಲ್ಲ.

ಇದು ನಮ್ಮವರ ಹಿತಕ್ಕೆ ಮಾತ್ರ ಆಡುವ ಮಾತೆಂದು ಯಾರೂ ತಿಳಿಯಬಾರದು. ನಮ್ಮ ಊರುಗಳಲ್ಲಿಯೇ ಪ್ಲೈವುಡ್ ಕಾರ್ಖಾನೆ, ಕಲ್ಲುಕೋರೆ, ಕಟ್ಟಡದ ಕೆಲಸಗಳಲ್ಲಿ ಬಂಗಾಳ, ಒಡಿಶಾ, ಬಿಹಾರಗಳಿಂದ ಬಂದ ಹುಡುಗರು ದುಡಿಯುತ್ತಿದ್ದಾರೆ. ಅವರಿಗೆ ಮಲಯಾಳವೂ ಇಲ್ಲ, ಕನ್ನಡವೂ ಇಲ್ಲ. ಅವರ ಮಾಲಿಕರಲ್ಲಿ ಕನ್ನಡಿಗರೂ ಇದ್ದಾರೆ. ಸರಕಾರದ ಮುಂದೆ ಭಾಷಾ ಅಲ್ಪಸಂಖ್ಯಾತರೆಂದು ಹಕ್ಕು ಕೇಳುವ ನಾವು, ನಮ್ಮ ಕೆಳಗೆ ದುಡಿಯುವವನಿಗೆ ಮೈನ್ ಸ್ವಿಚ್ಚು ಎಲ್ಲಿದೆಯೆಂದು ಅವನ ಮಾತಿನಲ್ಲಿ ಹೇಳಿಕೊಟ್ಟಿದ್ದೇವೆಯೇ?

ಇನ್ನು ಯೋಜನೆ ಎಂದರೆ ಹೇಗಿರಬೇಕು? ನಾವು ಟಿ.ಸಿ.ಎಚ್. ಓದುವಾಗ ಪಾಠಯೋಜನೆ ಬರೆದು ಬರೆದು ಬೆರಳು ಸವೆದುವು. ಉದ್ದೇಶ, ಪೀಠಿಕೆ, ಪ್ರಶ್ನೆ, ಕಪ್ಪು ಹಲಗೆಯ ಕೆಲಸ ಎಂದು ನಿಮಿಷ ನಿಮಿಷಕ್ಕೂ ಕಾಲಮು ಹಾಕಿದ್ದೆವು. ಒಳ್ಳೆಯ ಪಾಠಯೋಜನೆಯ ಗುಣವೆಂದರೆ, ಬರೆದ ಅಧ್ಯಾಪಕ ರಜೆ ಹಾಕಿದರೂ ಬದಲಿಗೆ ಬಂದವನು ಅದನ್ನು ಕೈಯಲ್ಲಿ ಹಿಡಿದು ಪಾಠ ಮಾಡಬಹುದು. ಆಪತ್ಕಾಲದ ಯೋಜನೆಗೂ ಇದೇ ಪರೀಕ್ಷೆ. "ಮುಖ್ಯೋಪಾಧ್ಯಾಯರು ಅಗ್ನಿಶಾಮಕ ದಳಕ್ಕೆ ತಿಳಿಸುವುದು" ಎಂದು ಬರೆದಿರುತ್ತಾರೆ. ಮುಖ್ಯೋಪಾಧ್ಯಾಯರು ವಾರಕ್ಕೆರಡು ದಿನ ಯಾವುದಾದರೊಂದು ಮೀಟಿಂಗಿನಲ್ಲಿರುತ್ತಾರೆ. ಆಗ 101ಕ್ಕೆ ಫೋನು ಮಾಡತಕ್ಕವರು ಯಾರು, ಅವರೂ ಇಲ್ಲದಿದ್ದರೆ ಯಾರು ಎಂಬುದನ್ನು ಹೆಸರು ಹಿಡಿದು ಬರೆಯಬೇಕು. ದಿನವೇತನದ ಅಧ್ಯಾಪಕರನ್ನೂ ಬಿಡುವಂತಿಲ್ಲ. ಕನ್ನಡ ವಿಭಾಗಗಳಲ್ಲಿ ಹಲವೆಡೆ ಅವರೇ ಹೆಚ್ಚು. ಜೂನಿನಲ್ಲಿ ಬಂದು ಮಾರ್ಚಿಗೆ ಹೋಗುವವರೆಂದು ಅವರಿಗೆ ಯಾರೂ ಏನೂ ಹೇಳಿಕೊಡುವುದಿಲ್ಲ.

ತರಗತಿಯಿಂದ ಹೊರಗೆ ಬಂದ ಮಕ್ಕಳು ಎಲ್ಲಿ ಕೂಡಬೇಕು? ಮೈದಾನದ ಯಾವ ಮೂಲೆಯಲ್ಲಿ? ಮರದ ಕೆಳಗೆ, ತಂತಿಯ ಕೆಳಗೆ ಕೂಡಿಸುವಂತಿಲ್ಲ. ಅಗ್ನಿಶಾಮಕ ವಾಹನ ಬರುವ ದಾರಿಯಲ್ಲಿಯೂ ಅಲ್ಲ. ಕೂಡಿದ ಬಳಿಕ ಹಾಜರಿ ಕರೆಯಬೇಕು. ಆದ್ದರಿಂದ ಹೊರಗೆ ಬರುವಾಗ ಅಧ್ಯಾಪಕರ ಕೈಯಲ್ಲಿ ಹಾಜರಿ ಪುಸ್ತಕವಿರಬೇಕು. ಅದು ಕಚೇರಿಯ ಮೇಜಿನ ಮೇಲಿದ್ದರೆ ಯಾವ ಮಗು ಒಳಗೆ ಉಳಿಯಿತೆಂದು ತಿಳಿಯುವ ಬಗೆ ಹೇಗೆ? ಶೌಚಾಲಯಕ್ಕೆ ಹೋದವರನ್ನು ಯಾರು ನೋಡುವುದು? ಹಿಂದಿನ ಗೇಟಿನ ಬೀಗದ ಕೈ ಎಲ್ಲಿದೆ? ಎಷ್ಟೋ ಶಾಲೆಗಳಲ್ಲಿ ಅದು ಪ್ಯೂನ್ ಒಬ್ಬರ ಕಿಸೆಯಲ್ಲಿರುತ್ತದೆ, ಅವರು ಅಂಚೆ ಕಚೇರಿಗೆ ಹೋಗಿರುತ್ತಾರೆ. ಹಳೆಯ ಹೆಂಚಿನ ಕಟ್ಟಡ, ಮೂಲೆಯ ಕೋಣೆಗಳು ಕನ್ನಡ ವಿಭಾಗದ ಪಾಲಿಗೆ ಬಂದಿರುವ ಕಡೆಗಳಲ್ಲಿ ಕಚೇರಿಯ ಗಂಟೆ ಅಲ್ಲಿಗೆ ಮಳೆಯ ಸದ್ದಿನಲ್ಲಿ ಕೇಳಿಸುತ್ತದೆಯೇ ಎಂದು ಆಷಾಢದ ಒಂದು ದಿನ ಪರೀಕ್ಷಿಸಿ ನೋಡಬೇಕು. ಬೇಸಿಗೆಯಲ್ಲಿ ಕೇಳಿಸಿತೆಂಬುದು ಲೆಕ್ಕಕ್ಕಿಲ್ಲ.

ಅಡುಗೆ ಕೋಣೆಯ ವಿಷಯ ವಿಶೇಷವಾಗಿ ಹೇಳಬೇಕು. ಇನ್ನೂರು ಮುನ್ನೂರು ಮಕ್ಕಳಿಗೆ ಬೇಯಿಸುವ ಆ ಅಕ್ಕನನ್ನು ಯಾವ ತರಬೇತಿಗೂ ಕರೆಯುವುದಿಲ್ಲ. ಬೆಂಕಿಯ ಜತೆ ದಿನವೂ ಇರುವವಳು ಅವಳೇ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ಹರಡಿಕೊಳ್ಳುತ್ತದೆ. ಆಗ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬರಬೇಕು. ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು, ಎರಡರಲ್ಲಿಯೂ ಕಿಡಿ ಹಾರಬಹುದು. ಇದು ಅವಳಿಗೆ ಅವಳ ಮಾತಿನಲ್ಲಿ ತಿಳಿದಿರಬೇಕು. ಗೋಡೆಯ ಕೆಂಪು ಸಿಲಿಂಡರು ಅರ್ಧ ನಿಮಿಷವೂ ಬಾರದು. ಪಿನ್ನು ಎಳೆದು, ಜ್ವಾಲೆಯ ತುದಿಗಲ್ಲ, ಬೆಂಕಿಯ ಬುಡಕ್ಕೆ ಹಿಡಿಯಬೇಕು. ಮೊದಲ ಬಾರಿ ಕೈಗೆತ್ತಿಕೊಂಡವರು ಪಿನ್ನು ಹುಡುಕುವಷ್ಟರಲ್ಲಿ ಸಮಯ ಮುಗಿಯುತ್ತದೆ. ಅದರ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡುವ ಕೆಲಸವನ್ನು ಎಂಟನೆಯ ತರಗತಿಯ ಹುಡುಗಿಯರಿಗೆ ಒಪ್ಪಿಸಿದರೂ ಸಾಕು, ನಮಗಿಂತ ಚೆನ್ನಾಗಿ ನೋಡಿಕೊಂಡಾರು.

ಹೆದ್ದಾರಿಯ ಬದಿಯ ಶಾಲೆಗಳಿಗೆ ಇನ್ನೊಂದು ಚಿಂತೆ. ಮಂಗಳೂರಿನಿಂದ ಹೊರಟ ಅನಿಲದ ಟ್ಯಾಂಕರುಗಳು ಮಂಜೇಶ್ವರ, ಉಪ್ಪಳ, ಕುಂಬಳೆಗಳನ್ನು ಹಾದೇ ದಕ್ಷಿಣಕ್ಕೆ ಹೋಗುತ್ತವೆ. 2012ರ ಆಗಸ್ಟ್ 27ರಂದು ಕಣ್ಣೂರಿನ ಚಾಲದಲ್ಲಿ ಇಂತಹ ಟ್ಯಾಂಕರೊಂದು ಮಗುಚಿ ಬೆಂಕಿ ಹತ್ತಿ 20 ಮಂದಿ ಸತ್ತರು. ಅಂತಹ ಹೊತ್ತಿನಲ್ಲಿ ಮಕ್ಕಳನ್ನು ಮೈದಾನದಲ್ಲಿ ಕೂಡಿಸುವಂತಿಲ್ಲ, ರಸ್ತೆಗೆ ಬೆನ್ನು ಹಾಕಿ, ಗಾಳಿ ಬೀಸುವ ದಿಕ್ಕನ್ನು ತಪ್ಪಿಸಿ ದೂರಕ್ಕೆ ಒಯ್ಯಬೇಕು. ಎಲ್ಲಿಗೆ, ಯಾರ ಹಿತ್ತಿಲಿನ ಮೂಲಕ ಎಂದು ನೆರೆಯವರೊಡನೆ ಈಗಲೇ ಮಾತಾಡಿ ಇಡಬೇಕು.

ಹಾವಿನ ವಿಷಯದಲ್ಲಿ ನಮ್ಮವರ ತಿಳಿವಳಿಕೆಯೇ ಶತ್ರು. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಗೀರುವುದು, ಬಾಯಿಯಿಂದ ಹೀರುವುದು ಎಲ್ಲವೂ ಹಾನಿಕರ. ಮಗುವನ್ನು ನಡೆಸದೆ, ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಂಡು, ವಿಷಕ್ಕೆ ಪ್ರತಿಯಾದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರ ಒಯ್ಯಬೇಕು. ಹೆತ್ತವರು ಬರಲಿ ಎಂದು ಕಾಯಬಾರದು, ಅವರು ಆಸ್ಪತ್ರೆಗೇ ಬರಲಿ. ಮದ್ದು ಯಾವ ಆಸ್ಪತ್ರೆಯಲ್ಲಿ ಉಂಟೆಂದು ಕಚ್ಚಿದ ಮೇಲೆ ವಿಚಾರಿಸುವುದಲ್ಲ, ಜೂನ್ ಒಂದನೆಯ ವಾರದಲ್ಲಿಯೇ ಫೋನು ಮಾಡಿ ಕೇಳಿ ಬರೆದಿಡಬೇಕು. ನಮ್ಮ ಉತ್ತರದ ಪಂಚಾಯತುಗಳಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರೇ. ಆದರೆ 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಯಲ್ಲಿ ದಾರಿ ಮುಚ್ಚಿದಾಗ ರೋಗಿಗಳು ಆಂಬುಲೆನ್ಸಿನಲ್ಲಿಯೇ ನರಳಿದುದನ್ನು ಕಂಡವರು ನಾವು. ಕರ್ನಾಟಕವು ನಮ್ಮ ಮಾತಿನ ಮನೆಯಿರಬಹುದು, ಅಂದು ಬಾಗಿಲು ಹಾಕಿಕೊಂಡಿತ್ತು. ಆದುದರಿಂದ ಯೋಜನೆಯಲ್ಲಿ ಗಡಿಯ ಆಚೆಯದೊಂದು, ಈಚೆಯದೊಂದು, ಹೀಗೆ ಎರಡು ಆಸ್ಪತ್ರೆಗಳ ಹೆಸರು ಇರಲೇಬೇಕು.

ಮತ್ತೆ ಭಾಷೆಯ ಮಾತು. ಪ್ರತಿಯೊಂದು ಸೂಚನೆಯನ್ನೂ ಏಳು ಭಾಷೆಗಳಲ್ಲಿ ಕೂಗಬೇಕೆಂದು ನಾವು ಕೇಳುತ್ತಿಲ್ಲ. ಅಷ್ಟರಲ್ಲಿ ಕಟ್ಟಡ ಉರಿದು ಹೋದೀತು. ಗಂಟೆಗೆ ಭಾಷೆಯಿಲ್ಲ. ಬಿಡದೆ ಬಾರಿಸುವ ಗಂಟೆ ಎಂದರೆ ಹೊರಗೆ ಬರುವುದು, ಬಿಟ್ಟು ಬಿಟ್ಟು ಬಾರಿಸಿದರೆ ಇದ್ದಲ್ಲಿಯೇ ಇರುವುದು ಎಂದು ಎಲ್ಲ ಮಕ್ಕಳಿಗೂ ಮೊದಲೇ ಕಲಿಸಬಹುದು. ಮೈಕಿನಲ್ಲಿ ಹೇಳುವ ನಾಲ್ಕೈದು ವಾಕ್ಯಗಳನ್ನು ಎರಡೂ ಭಾಷೆಗಳಲ್ಲಿ ಒಂದರ ಬೆನ್ನಿಗೊಂದು ಹೇಳುವಂತೆ ಬರೆದು ಅಂಟಿಸಬಹುದು. "ಓಡರುತ್" ಎನ್ನುವ ಬದಲು ಮೆಲ್ಲನೆ ನಡೆಯಿರಿ ಎಂಬುದನ್ನು ಎರಡು ಭಾಷೆಗಳಲ್ಲಿ ಹೇಳಿದರೆ ತಪ್ಪು ತಿಳಿಯುವ ಅವಕಾಶವೇ ಇಲ್ಲ. ಎಲ್ಲಿ ಸಾಧ್ಯವೋ ಅಲ್ಲಿ ಇಬ್ಬರಿಗೂ ಸಮಾನವಾದ ಶಬ್ದವನ್ನು ಆರಿಸಬಹುದು. ಅಪಾಯ ಎಂಬುದು ಮಲಯಾಳದಲ್ಲಿಯೂ ಅಪಾಯವೇ. ಇದಕ್ಕೆ ಸರಕಾರದ ಹಣ ಬೇಡ, ಎರಡು ವಿಭಾಗದ ಅಧ್ಯಾಪಕರು ಒಂದು ಮಧ್ಯಾಹ್ನ ಒಟ್ಟಿಗೆ ಕುಳಿತರೆ ಸಾಕು. ಮಲಯಾಳ ವಿಭಾಗದ ನಮ್ಮ ಸಹೋದ್ಯೋಗಿಗಳಲ್ಲಿ ಈ ಮಾತನ್ನೆತ್ತಿದಾಗ ಅವರು ಅಡ್ಡಿ ಹೇಳಿದ್ದಿಲ್ಲ. ಹೀಗೊಂದು ತೊಂದರೆ ಇದೆಯೆಂದು ಅವರಿಗೆ ಹೊಳೆದಿರಲಿಲ್ಲವಷ್ಟೇ.

ಇಂತಹ ಹೊತ್ತಿನಲ್ಲಿ ಭಾಷೆಯ ಜಗಳವೇಕೆ ಎಂದು ಕೇಳುವವರಿಗೆ, ಆ ಹೊತ್ತಿನಲ್ಲಿ ಜಗಳ ಬೇಡವೆಂದೇ ಈಗ ಹೇಳುತ್ತಿದ್ದೇವೆ.

ಹೆತ್ತವರಲ್ಲಿ ಒಂದು ಬಿನ್ನಹ. ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಗೆ ಹೋದಾಗ ಪರೀಕ್ಷೆಯ ಅಂಕಗಳ ವಿಚಾರ ಮುಗಿದ ಮೇಲೆ, ಶಾಲೆಯ ಆಪತ್ಕಾಲದ ಯೋಜನೆಯನ್ನು ನೋಡಬೇಕೆಂದು ಕೇಳಿರಿ. ಕನ್ನಡದಲ್ಲಿಲ್ಲವಾದರೆ ಕನ್ನಡದಲ್ಲಿ ಬೇಕೆಂದು ಕೇಳಿರಿ. ನಿಮ್ಮ ಮಗುವನ್ನು ಕರೆದು, ಬಿಡದೆ ಗಂಟೆ ಬಾರಿಸಿದರೆ ನೀನು ಎಲ್ಲಿಗೆ ಹೋಗುತ್ತೀ ಎಂದು ಕೇಳಿ, ಅದು ಹೇಳುವ ಉತ್ತರವನ್ನು ಸಭೆಯಲ್ಲಿ ಹೇಳಿರಿ. ಶಾಲೆಯ ಮೇಲೆ ಬಾಗಿದ ಮರವಿದ್ದರೆ, ಕೈಗೆಟಕುವ ತಂತಿ ಇದ್ದರೆ ಪಂಚಾಯತಿಗೂ ವಿದ್ಯುತ್ ಕಚೇರಿಗೂ ಅರ್ಜಿ ಕೊಡಿರಿ. ನಮ್ಮ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ, ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆದು, ತಾರೀಕು ಹಾಕಿ, ನಕಲಿನ ಮೇಲೆ ಕಚೇರಿಯ ಮೊಹರು ಒತ್ತಿಸಿಕೊಂಡು ಬನ್ನಿರಿ.